ಎಸ್ಸೆಸ್ಸೆಲ್ಸಿ: ಒಮ್ಮೆ ಪಾಸಾದ ವಿಷಯ ವ್ಯರ್ಥವಾಗದು

ಕಲಬುರಗಿ: 2025ರ ಮೇ 2ರಂದು ಪ್ರಕಟವಾದ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆಯು ಶೇ 42.43ರಷ್ಟು ಉತ್ತೀರ್ಣತೆಯೊಂದಿಗೆ ರಾಜ್ಯದ ಪಟ್ಟಿಯಲ್ಲಿ ಕೊನೆಯ ಸ್ಥಾನಕ್ಕೆ ಇಳಿಯಿತು. ಪ್ರಥಮ ಸ್ಥಾನದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಪ್ರಮಾಣ ಶೇ 91.12. ಕಲಬುರಗಿಯಲ್ಲಿ ಪರೀಕ್ಷೆಗೆ ಕುಳಿತವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಹೆಸರಿನ ಮುಂದೆ ಅಂದು ‘ಅನುತ್ತೀರ್ಣ’ ಎಂಬ ಪದ ಮೂಡಿತು.

ವಿಪರ್ಯಾಸವೆಂದರೆ ಇದೇ ನೆಲ ಒಂದು ಕಾಲದ ವಿದ್ಯಾಕೇಂದ್ರ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಸೇಡಂ ತಾಲ್ಲೂಕಿನಲ್ಲಿದೆ. ಚಿತ್ತಾಪುರದ ಸಮೀಪದ ನಾಗಾವಿಯ ಘಟಿಕಾಸ್ಥಾನದಲ್ಲಿ 200 ಮಂದಿ ವೇದ ವಿದ್ಯಾರ್ಥಿಗಳು, 50 ಮಂದಿ ಶಾಸ್ತ್ರ ವಿದ್ಯಾರ್ಥಿಗಳು ಹಾಗೂ ಗ್ರಂಥಭಂಡಾರ ನೋಡಿಕೊಳ್ಳಲು 6 ಮಂದಿ ಇದ್ದರೆಂದು ಕ್ರಿ.ಶ. 1058ರ ಶಾಸನ ತಿಳಿಸುತ್ತದೆ. ಇಂದು ಅದೇ ಸೀಮೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯ ಮನೆಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಕೇಳಿಬರುವ ಪ್ರಶ್ನೆ ಒಂದೇ: ಫೇಲಾದ ಮೇಲೆ ಮುಂದೇನು?

ಈ ಪ್ರಶ್ನೆಗೆ ನಿಯಮಗಳಲ್ಲಿ ಉತ್ತರವಿದೆ. ಒಂದು ಅಥವಾ ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ ವಿದ್ಯಾರ್ಥಿ ಇಡೀ ಹತ್ತನೇ ತರಗತಿಯನ್ನೇ ಕಳೆದುಕೊಂಡಂತಲ್ಲ. ಉತ್ತೀರ್ಣವಾದ ವಿಷಯಗಳ ಅಂಕ ಆತನ ಖಾತೆಯಲ್ಲಿಯೇ ಉಳಿಯುತ್ತದೆ. ಆದರೆ ಈ ಸಂಗತಿ ಫಲಿತಾಂಶದ ವಾರದಲ್ಲಿಯೇ ಮನೆಗೆ ತಲುಪದಿದ್ದರೆ ಹುಡುಗ ಕೆಲಸ ಹುಡುಕಿಕೊಂಡು ಊರು ಬಿಡುತ್ತಾನೆ, ಹುಡುಗಿಗೆ ಗಂಡು ನೋಡುವ ಮಾತು ಆರಂಭವಾಗುತ್ತದೆ. ಆದ್ದರಿಂದ ಉತ್ತೀರ್ಣತೆಯ ನಿಯಮ, ಗಳಿಸಿದ ಅಂಕ ಉಳಿಸಿಕೊಳ್ಳುವ ಬಗೆ ಮತ್ತು ಮುಂದಿನ ಶಿಕ್ಷಣದಲ್ಲಿ ವರ್ಷ ಉಳಿಸುವ ದಾರಿಗಳನ್ನು ಪಾಲಕರು ತಿಳಿದಿರುವುದು ಅಗತ್ಯ.

ಮೆಟ್ರಿಕ್‌ನಿಂದ ಎಸ್ಸೆಸ್ಸೆಲ್ಸಿಯವರೆಗೆ

ಈ ಭಾಗದ ಹಿರಿಯರು ಇಂದಿಗೂ ಹತ್ತನೇ ತರಗತಿಯನ್ನು ‘ಮೆಟ್ರಿಕ್’ ಎಂದೇ ಕರೆಯುವುದುಂಟು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆಯಾಗುವವರೆಗೆ ಗುಲ್ಬರ್ಗ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದಲ್ಲಿ ಉನ್ನತ ಶಿಕ್ಷಣದ ಭಾಷೆ ಉರ್ದು ಆಗಿತ್ತು. ಏಕೀಕರಣದ ನಂತರ ಈ ಭಾಗದ ಶಾಲೆಗಳು ಮೈಸೂರು ರಾಜ್ಯದ ವ್ಯವಸ್ಥೆಗೆ ಸೇರಿದವು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಅಸ್ತಿತ್ವಕ್ಕೆ ಬಂದಿತು. 2022ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆಗಳೆರಡನ್ನೂ ಒಂದೇ ಸಂಸ್ಥೆಯಡಿ ತಂದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯನ್ನು ರಚಿಸಲಾಯಿತು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮಹತ್ವ ಪರೀಕ್ಷೆಗಷ್ಟೇ ಸೀಮಿತವಲ್ಲ. ಜನ್ಮ ದಿನಾಂಕಕ್ಕೆ ಅದು ಅಂಗೀಕೃತ ದಾಖಲೆ. ಐಟಿಐ, ಡಿಪ್ಲೊಮಾ ಹಾಗೂ ಪಿಯುಸಿ ಪ್ರವೇಶಕ್ಕೆ ಅದೇ ಆಧಾರ. ವಾಡಿಯಂತಹ ರೈಲ್ವೆ ಜಂಕ್ಷನ್‌ನ ಯುವಕರು ಕಣ್ಣಿಟ್ಟಿರುವ ರೈಲ್ವೆಯ ಒಂದನೇ ಹಂತದ ಹುದ್ದೆಗಳಿಗೂ ಹತ್ತನೇ ತರಗತಿ ಅಥವಾ ಐಟಿಐ ವಿದ್ಯಾರ್ಹತೆಯನ್ನು ಕೇಳಲಾಗುತ್ತದೆ.

ಪಾಸಾಗಲು ಬೇಕಾದುದೇನು?

ಶಾಲೆಯ ಮೂಲಕ ಪರೀಕ್ಷೆಗೆ ಕುಳಿತುಕೊಳ್ಳುವ ವಿದ್ಯಾರ್ಥಿಗೆ ಶೇ 75ರಷ್ಟು ಹಾಜರಾತಿ ಕಡ್ಡಾಯ. ದುಡಿಮೆಗಾಗಿ ಮುಂಬೈ, ಪುಣೆ, ಹೈದರಾಬಾದ್‌ಗಳಿಗೆ ಗುಳೆ ಹೋಗುವ ಚಿಂಚೋಳಿ ಭಾಗದ ತಾಂಡಾಗಳ ಕುಟುಂಬಗಳಿಗೆ ಈ ಮೊದಲ ಷರತ್ತೇ ತೊಡಕಾಗುತ್ತದೆ. ಮಗುವನ್ನು ಜೊತೆಗೆ ಕರೆದೊಯ್ದರೆ ಹಾಜರಾತಿ ಕುಸಿಯುತ್ತದೆ. ವಸತಿ ನಿಲಯದಲ್ಲಿ ಅಥವಾ ಅಜ್ಜ ಅಜ್ಜಿಯರ ಬಳಿ ಬಿಟ್ಟುಹೋದರೆ ಮಾತ್ರ ವರ್ಷ ಉಳಿಯುತ್ತದೆ.

ಎರಡನೆಯದು ಅಂಕ. 2025ರವರೆಗಿನ ಪರೀಕ್ಷೆಗಳಲ್ಲಿ ಮೂರು ಭಾಷೆ, ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನ ಸೇರಿ ಆರು ವಿಷಯಗಳಿಗೆ ಒಟ್ಟು 625 ಅಂಕ ನಿಗದಿಯಾಗಿದ್ದವು. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಪ್ರಥಮ ಭಾಷೆಯಲ್ಲಿ 100 ಅಂಕ ಲಿಖಿತ ಪರೀಕ್ಷೆಗೆ, 25 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಉಳಿದವುಗಳಲ್ಲಿ 80 ಲಿಖಿತಕ್ಕೆ, 20 ಆಂತರಿಕಕ್ಕೆ. ಉತ್ತೀರ್ಣತೆಗೆ ಬಹುಕಾಲ ಶೇ 35 ಅಂಕದ ಮಾನದಂಡವಿತ್ತು.

2025ರ ಅಕ್ಟೋಬರ್‌ನಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಈ ಮಾನದಂಡವನ್ನು ಶೇ 33ಕ್ಕೆ ಇಳಿಸಿರುವುದಾಗಿ ಪ್ರಕಟಿಸಿದರು. 2025-26ನೇ ಸಾಲಿನಿಂದ ಅನ್ವಯವಾಗುವಂತೆ ಹೊರಟ ಈ ನಿಯಮದ ಪ್ರಕಾರ ಆಂತರಿಕ ಮತ್ತು ಲಿಖಿತ ಅಂಕ ಸೇರಿ 625ಕ್ಕೆ ಕನಿಷ್ಠ 206 ಬರಬೇಕು. ಜೊತೆಗೆ ಪ್ರತಿ ವಿಷಯದಲ್ಲಿಯೂ ಕನಿಷ್ಠ ಶೇ 30 ಅಂಕ ಇರಬೇಕು. ದ್ವಿತೀಯ ಪಿಯುಸಿಗೆ 600ಕ್ಕೆ 198 ಅಂಕ ಮತ್ತು ಪ್ರತಿ ವಿಷಯದಲ್ಲಿ ಕನಿಷ್ಠ 30 ಅಂಕ ಎಂದು ನಿಗದಿಪಡಿಸಲಾಯಿತು.

ಇಲ್ಲಿ ಎರಡು ಷರತ್ತುಗಳಿರುವುದನ್ನು ಪಾಲಕರು ಗಮನಿಸಬೇಕು. ‘ಎಲ್ಲದರಲ್ಲೂ ಮೂವತ್ತು ಬಂದರೆ ಸಾಕು’ ಎಂಬ ತಿಳಿವಳಿಕೆ ತಪ್ಪು. ಉದಾಹರಣೆಗೆ, ವಿದ್ಯಾರ್ಥಿಯೊಬ್ಬ ಪ್ರಥಮ ಭಾಷೆಯಲ್ಲಿ 38, ಉಳಿದ ಐದು ವಿಷಯಗಳಲ್ಲಿ ತಲಾ 30 ಅಂಕ ಗಳಿಸಿದನೆಂದಿಟ್ಟುಕೊಳ್ಳೋಣ. ಪ್ರತಿ ವಿಷಯದ ಕನಿಷ್ಠ ಮಿತಿ ದಾಟಿದಂತಾಯಿತು. ಆದರೆ ಒಟ್ಟು 188 ಆಗುತ್ತದೆ. 206 ತಲುಪಲು ಇನ್ನೂ 18 ಅಂಕ ಬೇಕು. ಗಣಿತದಲ್ಲಿ ಹಿಂದುಳಿದ ಮಗು ಮಾತೃಭಾಷೆ ಮತ್ತು ಸಮಾಜ ವಿಜ್ಞಾನದಲ್ಲಿ ಈ ಕೊರತೆಯನ್ನು ತುಂಬಿಕೊಳ್ಳಬಹುದು. ಶಾಲೆಯಲ್ಲಿ ವರ್ಷವಿಡೀ ನಡೆಯುವ ಆಂತರಿಕ ಮೌಲ್ಯಮಾಪನದ ಅಂಕಗಳೂ ಈ ಲೆಕ್ಕದಲ್ಲಿ ಸೇರುವುದರಿಂದ ಮಾರ್ಚ್‌ಗೆ ಬಹು ಮುಂಚೆಯೇ ಪಾಸಾಗುವ ಕೆಲಸ ಆರಂಭವಾಗಿರುತ್ತದೆ. ಈ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಆಯಾ ಸಾಲಿನ ಸುತ್ತೋಲೆಯನ್ನು ಮುಖ್ಯೋಪಾಧ್ಯಾಯರಲ್ಲಿ ಕೇಳಿ ತಿಳಿದುಕೊಳ್ಳುವುದು ಒಳಿತು.

ಉಳಿಯುವ ಅಂಕ, ಮತ್ತೊಂದು ಅವಕಾಶ

ಹಿಂದೆ ವಾರ್ಷಿಕ ಪರೀಕ್ಷೆ ಮತ್ತು ಪೂರಕ ಪರೀಕ್ಷೆ ಎಂಬ ಎರಡು ಹಂತಗಳಿದ್ದವು. ‘ಪೂರಕ’ ಎಂಬ ಪದವೇ ಮಕ್ಕಳಿಗೆ ಕಳಂಕದಂತೆ ಅಂಟಿಕೊಳ್ಳುತ್ತಿತ್ತು. 2023-24ನೇ ಸಾಲಿನಿಂದ ಈ ಹೆಸರುಗಳನ್ನು ಕೈಬಿಟ್ಟು ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂಬ ಪದ್ಧತಿಯನ್ನು ಜಾರಿಗೆ ತರಲಾಯಿತು. 2024 ಮತ್ತು 2025ರಲ್ಲಿ ಮೂರು ಪರೀಕ್ಷೆಗಳು ನಡೆದವು. 2026ಕ್ಕೆ ಮಂಡಳಿಯು ಪರೀಕ್ಷೆ-1 ಮತ್ತು ಪರೀಕ್ಷೆ-2ರ ವೇಳಾಪಟ್ಟಿಯನ್ನು ಪ್ರಕಟಿಸಿತು.

ಈ ಪದ್ಧತಿಯ ತಿರುಳು ಇಷ್ಟೇ. ಅನುತ್ತೀರ್ಣವಾದ ವಿಷಯವನ್ನು ಮಾತ್ರ ಮತ್ತೆ ಬರೆದರೆ ಸಾಕು. ಉತ್ತೀರ್ಣವಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಒಂದೇ ವಿಷಯವನ್ನು ಒಂದಕ್ಕಿಂತ ಹೆಚ್ಚು ಬಾರಿ ಬರೆದಾಗ ಅವುಗಳಲ್ಲಿ ಅತ್ಯುತ್ತಮ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ವಿದ್ಯಾರ್ಥಿಗೆ ಇರುತ್ತದೆ. ಅಂದರೆ ಎರಡನೇ ಬಾರಿ ಕಡಿಮೆ ಅಂಕ ಬಂದರೆ ಮೊದಲಿನದು ಕೈತಪ್ಪುವ ಭಯವಿಲ್ಲ.

ಆದರೆ ಸಮಯ ಬಹಳ ಕಡಿಮೆ. 2025ರಲ್ಲಿ ಪರೀಕ್ಷೆ-1ರ ಫಲಿತಾಂಶ ಮೇ 2ರಂದು ಬಂದಿತು. ಪರೀಕ್ಷೆ-2 ಮೇ 26ರಂದು ಆರಂಭವಾಯಿತು. ನಡುವೆ ಇದ್ದುದು 24 ದಿನ. ಅದರಲ್ಲಿಯೇ ಶಾಲೆಗೆ ಹೋಗಿ ನೋಂದಣಿ ಮಾಡಿಸಬೇಕು, ಅಗತ್ಯವಿದ್ದರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆದು ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಬೇಕು, ಓದನ್ನೂ ಮುಂದುವರಿಸಬೇಕು. ಬೇಸಿಗೆ ರಜೆಯಲ್ಲಿ ನೆಂಟರೂರಿಗೆ ಅಥವಾ ದುಡಿಮೆಗೆ ಹೋದ ಮಗುವಿಗೆ ಈ ಅವಧಿ ಗೊತ್ತಾಗದೆಯೇ ಕಳೆದುಹೋಗುತ್ತದೆ. ಮರುಮೌಲ್ಯಮಾಪನದ ಫಲಿತಾಂಶಕ್ಕಾಗಿ ಕಾಯುತ್ತ ಮುಂದಿನ ಪರೀಕ್ಷೆಯ ನೋಂದಣಿಯನ್ನು ಬಿಡುವುದು ಸಲ್ಲದು. ಎರಡನ್ನೂ ಒಟ್ಟಿಗೇ ಮಾಡುವುದು ಕ್ಷೇಮ.

ಕ್ರೆಡಿಟ್ ಎಂಬ ಹೊಸ ಲೆಕ್ಕ

ವಿಷಯವಾರು ಅಂಕ ಉಳಿಸಿಕೊಳ್ಳುವ ಈ ಕ್ರಮದ ಹಿಂದೆ ಜಗತ್ತಿನಾದ್ಯಂತ ಪ್ರಚಲಿತವಿರುವ ಒಂದು ಕಲ್ಪನೆಯ ಛಾಯೆಯಿದೆ. ಅಮೆರಿಕದಲ್ಲಿ ಪ್ರೌಢಶಾಲೆ ಮುಗಿಸಲು ಒಂದೇ ದೊಡ್ಡ ಪರೀಕ್ಷೆಯಿಲ್ಲ. ಅಲ್ಲಿ ಪ್ರತಿ ವಿಷಯಕ್ಕೂ ನಿಗದಿತ ಕ್ರೆಡಿಟ್‌ಗಳಿರುತ್ತವೆ. ಅವು ಒಂದೊಂದಾಗಿ ಕೂಡುತ್ತ ಹೋಗಿ ನಿಗದಿತ ಸಂಖ್ಯೆ ತಲುಪಿದಾಗ ಪದವಿಪತ್ರ ದೊರೆಯುತ್ತದೆ. 1906ರಲ್ಲಿ ರೂಪುಗೊಂಡ ‘ಕಾರ್ನೆಗಿ ಯೂನಿಟ್’ ಈ ಲೆಕ್ಕಕ್ಕೆ ಮೂಲ. ಒಂದು ವಿಷಯವನ್ನು ವರ್ಷದಲ್ಲಿ 120 ಗಂಟೆ ಕಲಿತರೆ ಒಂದು ಯೂನಿಟ್. ಚುರುಕಾದ ವಿದ್ಯಾರ್ಥಿಗಳು ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜಿನ ಕ್ರೆಡಿಟ್‌ಗಳನ್ನು ಗಳಿಸಲೂ ಅಲ್ಲಿ ಅವಕಾಶವಿದೆ.

ಭಾರತದಲ್ಲಿ 2023ರ ಏಪ್ರಿಲ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲಾ ಶಿಕ್ಷಣವನ್ನೂ ಇಂತಹ ಲೆಕ್ಕದಡಿ ತರುವ ಪ್ರಸ್ತಾವ ಮುಂದಿಟ್ಟಿತು. ಅದರಂತೆ 30 ಗಂಟೆಗಳ ಕಲಿಕೆಗೆ 1 ಕ್ರೆಡಿಟ್, ವರ್ಷದ 1200 ಗಂಟೆಗಳಿಗೆ 40 ಕ್ರೆಡಿಟ್. ಸಿಬಿಎಸ್‌ಇ ಮಂಡಳಿಯು 2024-25ನೇ ಸಾಲಿನಲ್ಲಿ ಇದನ್ನು ಪ್ರಾಯೋಗಿಕವಾಗಿ ಅಳವಡಿಸಿಕೊಳ್ಳಲು ಶಾಲೆಗಳನ್ನು ಆಹ್ವಾನಿಸಿತು. ರಾಜ್ಯದ ಎಸ್ಸೆಸ್ಸೆಲ್ಸಿ ಮಾತ್ರ ಅಂಕಗಳ ಪದ್ಧತಿಯಲ್ಲಿಯೇ ಬೆಳೆದುಬಂದಿದೆ. ಹೀಗಾಗಿ ಸೇಡಂನ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿಗೆ ‘ಮುಂಚಿತವಾಗಿ ಗಳಿಸಿದ ಕ್ರೆಡಿಟ್’ ಎಂದರೆ ಪ್ರಾಯೋಗಿಕವಾಗಿ ಮೂರು ಸಂಗತಿಗಳು: ಪ್ರೌಢಶಾಲೆಯ ವೃತ್ತಿ ವಿಷಯ, ಮುಕ್ತ ಶಾಲೆಯ ಕ್ರೆಡಿಟ್ ವರ್ಗಾವಣೆ ಹಾಗೂ ತಾಂತ್ರಿಕ ಶಿಕ್ಷಣದಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಪ್ರವೇಶ.

ಮೊದಲನೆಯದು ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ 9 ಮತ್ತು 10ನೇ ತರಗತಿಗೆ ಲಭ್ಯ. ಎನ್‌ಎಸ್‌ಕ್ಯುಎಫ್ ಎಂಬ ಹೆಸರಿನ ಈ ಯೋಜನೆಯಡಿ ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ರೀಟೇಲ್, ಸೌಂದರ್ಯ ಮತ್ತು ಕ್ಷೇಮದಂತಹ ವಿಷಯಗಳನ್ನು ತೃತೀಯ ಭಾಷೆಯ ಬದಲಿಗೆ ಆಯ್ದುಕೊಳ್ಳಬಹುದಾಗಿದೆ. ತೃತೀಯ ಭಾಷೆ ಕಬ್ಬಿಣದ ಕಡಲೆಯಾಗಿರುವ ಮಗುವಿಗೆ ಇದು ಕೈಕೆಲಸದ ಪರಿಚಯವನ್ನೂ ಒದಗಿಸುತ್ತದೆ. ಎಂಟನೇ ತರಗತಿ ಮುಗಿಯುತ್ತಿದ್ದಂತೆಯೇ ಹತ್ತಿರದ ಯಾವ ಶಾಲೆಯಲ್ಲಿ ಇದರ ವ್ಯವಸ್ಥೆಯಿದೆ ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕು.

ಮುಕ್ತ ಶಾಲೆಯ ದಾರಿ

ಶಾಲೆ ಬಿಟ್ಟು ದುಡಿಮೆಗೆ ಸೇರಿದವರಿಗೆ ಎರಡು ದಾರಿಗಳಿವೆ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯುವುದು ಒಂದು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಓದುವುದು ಇನ್ನೊಂದು. 1989ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಈ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. 14 ವರ್ಷ ತುಂಬಿದವರು ಅದರ ಮಾಧ್ಯಮಿಕ ಕೋರ್ಸಿಗೆ, ಅಂದರೆ ಹತ್ತನೇ ತರಗತಿಗೆ ಸಮಾನವಾದ ಹಂತಕ್ಕೆ ಸೇರಬಹುದು. ಪ್ರಮಾಣಪತ್ರಕ್ಕೆ ಕನಿಷ್ಠ ಐದು ವಿಷಯಗಳಲ್ಲಿ ಉತ್ತೀರ್ಣರಾಗಬೇಕು. ಅವುಗಳಲ್ಲಿ ಭಾಷೆಯೂ ಇರಬೇಕು.

ಎನ್‌ಐಒಎಸ್ ನೋಂದಣಿಗೆ ಐದು ವರ್ಷಗಳ ಮಾನ್ಯತೆಯಿದ್ದು, ಆ ಅವಧಿಯಲ್ಲಿ ಒಂಬತ್ತು ಸಾರ್ವಜನಿಕ ಪರೀಕ್ಷೆಗಳಿಗೆ ಕುಳಿತುಕೊಳ್ಳಬಹುದು. ಈ ಬಾರಿ ಎರಡು ವಿಷಯ, ಮುಂದಿನ ಬಾರಿ ಮತ್ತೊಂದು ಎಂದು ಬಿಡಿಬಿಡಿಯಾಗಿ ಬರೆದು ಕೂಡಿಸಿಕೊಳ್ಳಲು ಅಡ್ಡಿಯಿಲ್ಲ. ಮಾನ್ಯತೆ ಪಡೆದ ಬೇರೆ ಮಂಡಳಿಯಲ್ಲಿ ಈಗಾಗಲೇ ಉತ್ತೀರ್ಣವಾದ ವಿಷಯಗಳ ಪೈಕಿ ಎರಡರವರೆಗೆ ಕ್ರೆಡಿಟ್ ವರ್ಗಾವಣೆಗೂ ಅವಕಾಶವಿದೆ. ಶಹಾಬಾದಿನ ಕಲ್ಲಿನ ಗಣಿಯಲ್ಲಿ ಅಥವಾ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೆಲಸದಲ್ಲಿ ಪಾಳಿಯಂತೆ ದುಡಿಯುವ ಯುವಕನಿಗೆ ಇಂತಹ ಬಿಡುವು ಬೇಕಾಗುತ್ತದೆ. ಆದರೆ ಹಣ ಕಟ್ಟುವ ಮುನ್ನ ಬೋಧನಾ ಮಾಧ್ಯಮ, ವಿಷಯಗಳ ಆಯ್ಕೆ ಮತ್ತು ಅಧ್ಯಯನ ಕೇಂದ್ರದ ಊರನ್ನು ಸಂಸ್ಥೆಯಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಮಧ್ಯವರ್ತಿಗಳ ‘ಗ್ಯಾರಂಟಿ ಪಾಸ್’ ಜಾಹೀರಾತುಗಳಿಗೆ ಮರುಳಾಗುವುದು ಅಪಾಯಕರ.

ತೆಲಂಗಾಣದ ಗಡಿಗೆ ಹೊಂದಿಕೊಂಡ ಸೇಡಂ ಮತ್ತು ಚಿಂಚೋಳಿ ತಾಲ್ಲೂಕುಗಳಿಗೆ ಇನ್ನೊಂದು ಸೂಚನೆಯೂ ಮುಖ್ಯ. ಗಡಿಯಾಚೆ ಹತ್ತನೇ ತರಗತಿ ಮುಗಿಸಿದವರಾಗಲಿ, ಮುಕ್ತ ಶಾಲೆಯಿಂದ ಬಂದವರಾಗಲಿ ರಾಜ್ಯದ ಪದವಿಪೂರ್ವ ಕಾಲೇಜಿಗೆ ಸೇರುವಾಗ ಅರ್ಹತಾ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ಈ ವಿಧಿ ಬಾಕಿ ಉಳಿದರೆ ಎರಡು ವರ್ಷ ಓದಿದ ಮೇಲೆ ತೊಂದರೆ ಎದುರಾಗಬಹುದು.

ವರ್ಷ ಉಳಿಸುವ ತಾಂತ್ರಿಕ ಶಿಕ್ಷಣ

ಎಸ್ಸೆಸ್ಸೆಲ್ಸಿ ನಂತರ ಪಿಯುಸಿಯೊಂದೇ ದಾರಿ ಎಂಬ ಭಾವನೆ ಇನ್ನೂ ಬಲವಾಗಿದೆ. ಆದರೆ ವಾಡಿಯ ಎಸಿಸಿ, ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀ ಹೆಸರಿನಿಂದ ಬೆಳೆದ ಸಿಮೆಂಟ್ ಕಾರ್ಖಾನೆಗಳ ನೆರಳಿನಲ್ಲಿರುವ ಈ ಪಟ್ಟಣಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್ ಕೆಲಸ ಬಲ್ಲವರಿಗೆ ಬೇಡಿಕೆ ಹೊಸದಲ್ಲ. ಐಟಿಐನ ಕೆಲವು ಟ್ರೇಡ್‌ಗಳಿಗೆ 8ನೇ ತರಗತಿ ಉತ್ತೀರ್ಣರಾಗಿದ್ದರೂ ಸಾಕು. ಎರಡು ವರ್ಷದ ಐಟಿಐ ಮುಗಿಸಿದವರು ಭಾಷೆಯೂ ಸೇರಿದಂತೆ ನಿಗದಿತ ವಿಷಯಗಳನ್ನು ಎನ್‌ಐಒಎಸ್ ಮೂಲಕ ಬರೆದು, ಐಟಿಐ ಕಲಿಕೆಯ ಕ್ರೆಡಿಟ್ ವರ್ಗಾಯಿಸಿಕೊಂಡು ಶಾಲಾ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯೂ ಇದೆ. ಎಂಟನೇ ತರಗತಿಯ ನಂತರ ಐಟಿಐ ಸೇರಿದವರಿಗೆ ಹತ್ತನೇ ತರಗತಿಯ, ಹತ್ತರ ನಂತರ ಸೇರಿದವರಿಗೆ ಹನ್ನೆರಡನೇ ತರಗತಿಯ ಪ್ರಮಾಣಪತ್ರ ಹೀಗೆ ದೊರೆಯುತ್ತದೆ.

ಎರಡು ವರ್ಷದ ಐಟಿಐ ಪೂರೈಸಿದವರು ಹಾಗೂ ವಿಜ್ಞಾನ ಪಿಯುಸಿ ಉತ್ತೀರ್ಣರಾದವರು ಪಾಲಿಟೆಕ್ನಿಕ್‌ನಲ್ಲಿ ನೇರವಾಗಿ ಎರಡನೇ ವರ್ಷದ ಡಿಪ್ಲೊಮಾಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಪ್ರವೇಶ ಪಡೆಯಬಹುದು.

ವರ್ಷಗಳ ಲೆಕ್ಕ ಹೀಗಿದೆ. ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷ ಪಿಯುಸಿ, ನಾಲ್ಕು ವರ್ಷ ಎಂಜಿನಿಯರಿಂಗ್ ಸೇರಿ ಆರು ವರ್ಷ. ಮೂರು ವರ್ಷ ಡಿಪ್ಲೊಮಾ, ಬಳಿಕ ಮೂರು ವರ್ಷ ಎಂಜಿನಿಯರಿಂಗ್ ಎಂದರೂ ಆರೇ ವರ್ಷ. ಎರಡನೆಯ ದಾರಿಯಲ್ಲಿ ನಡುವೆ ಮನೆಯ ಪರಿಸ್ಥಿತಿ ಹದಗೆಟ್ಟರೂ ಕೈಯಲ್ಲಿ ಡಿಪ್ಲೊಮಾ ಇರುತ್ತದೆ. ಐಟಿಐ ಎರಡು, ಡಿಪ್ಲೊಮಾ ಎರಡು, ಎಂಜಿನಿಯರಿಂಗ್ ಮೂರು ಎಂದರೆ ಏಳು ವರ್ಷ. ಒಂದು ವರ್ಷ ಹೆಚ್ಚಾದರೂ ಎರಡನೇ ವರ್ಷದ ಕೊನೆಯಲ್ಲಿಯೇ ದುಡಿಯುವ ಅರ್ಹತೆ ಬರುತ್ತದೆ. ಮೊದಲ ಬಾರಿಗೆ ಕಾಲೇಜು ಮೆಟ್ಟಿಲೇರುವ ಕುಟುಂಬಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

371(ಜೆ) ಪತ್ರ ಮರೆಯಬಾರದು

ಈ ಭಾಗದ ವಿದ್ಯಾರ್ಥಿಗಳಿಗೆ ಇರುವ ವಿಶೇಷ ಸೌಲಭ್ಯವೆಂದರೆ ಸಂವಿಧಾನದ 371(ಜೆ) ವಿಧಿ. 2012ರಲ್ಲಿ ಸಂಸತ್ತು ಅಂಗೀಕರಿಸಿದ 98ನೇ ತಿದ್ದುಪಡಿಯ ಫಲವಾಗಿ, ಈಗ ಕಲ್ಯಾಣ ಕರ್ನಾಟಕ ಎಂದು ಕರೆಯಲಾಗುವ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಮೀಸಲಾದವು. ಸರ್ಕಾರಿ ನೇಮಕಾತಿಯಲ್ಲಿಯೂ ಮೀಸಲಾತಿ ದೊರೆಯಿತು. ಆದರೆ ಸೀಟು ಹಂಚಿಕೆಯ ಹೊತ್ತಿಗೆ ಅರ್ಹತಾ ಪ್ರಮಾಣಪತ್ರ ಕೈಯಲ್ಲಿರದಿದ್ದರೆ ಹಕ್ಕಿದ್ದೂ ಫಲವಿಲ್ಲ. ಇದನ್ನು ಕಂದಾಯ ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆಯಬೇಕು. ಹತ್ತನೇ ತರಗತಿಯಲ್ಲಿರುವಾಗಲೇ ಶಾಲಾ ವ್ಯಾಸಂಗ ಪತ್ರ, ವಾಸಸ್ಥಳದ ದಾಖಲೆಗಳನ್ನು ಜೋಡಿಸಿಕೊಂಡು ಅರ್ಜಿ ಹಾಕುವುದು ಜಾಣತನ.

ಅಂಕಪಟ್ಟಿಯಲ್ಲಿ ಹೆಸರು, ತಂದೆ ತಾಯಿಯ ಹೆಸರು, ಜನ್ಮ ದಿನಾಂಕ ಸರಿಯಿದೆಯೇ ಎಂಬುದನ್ನೂ ಕೂಡಲೇ ನೋಡಬೇಕು. ತಪ್ಪಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಬರೆಯಬೇಕು. ಆಧಾರ್ ಮತ್ತು ಅಂಕಪಟ್ಟಿಯ ಹೆಸರುಗಳಲ್ಲಿ ಒಂದಕ್ಷರದ ವ್ಯತ್ಯಾಸವಿದ್ದರೂ ಮುಂದೆ ವಿದ್ಯಾರ್ಥಿವೇತನದಿಂದ ನೌಕರಿಯವರೆಗೆ ಅಲೆದಾಟ ತಪ್ಪದು. ಅಂಕಪಟ್ಟಿಯ ಪ್ರತಿ ಡಿಜಿಲಾಕರ್‌ನಲ್ಲಿಯೂ ದೊರೆಯುತ್ತದೆ.

ಪಾಲಕರು ಮಾಡಬೇಕಾದುದು

ಫಲಿತಾಂಶ ಬಂದ ದಿನವೇ ಮಗುವಿನೊಂದಿಗೆ ಕುಳಿತು ಅಂಕಗಳನ್ನು ವಿಷಯವಾರು ಬರೆದುಕೊಳ್ಳಬೇಕು. ಎಷ್ಟು ವಿಷಯ ಕೈಯಲ್ಲಿದೆ, ಎಷ್ಟು ಬಾಕಿಯಿದೆ, ಒಟ್ಟು ಅಂಕಕ್ಕೆ ಎಷ್ಟು ಕೊರತೆಯಿದೆ ಎಂಬುದು ಆಗ ಸ್ಪಷ್ಟವಾಗುತ್ತದೆ. ಮರುದಿನವೇ ಶಾಲೆಗೆ ಹೋಗಿ ಮುಂದಿನ ಪರೀಕ್ಷೆಯ ನೋಂದಣಿಗೆ ಕೊನೆಯ ದಿನ ಯಾವುದೆಂದು ಕೇಳಬೇಕು. ಗಣಿತ ಅಥವಾ ಇಂಗ್ಲಿಷಿನಲ್ಲಿ ಮಾತ್ರ ಫೇಲಾದವರನ್ನು ‘ಎಸ್ಸೆಸ್ಸೆಲ್ಸಿ ಫೇಲ್’ ಎಂದು ಕರೆಯುವ ರೂಢಿಯನ್ನು ಮನೆಯವರೂ ನೆರೆಹೊರೆಯವರೂ ಬಿಡಬೇಕು. ಹೆಣ್ಣುಮಕ್ಕಳ ಮದುವೆಗೆ ಕಾನೂನು ನಿಗದಿಪಡಿಸಿರುವ ಕನಿಷ್ಠ ವಯಸ್ಸು 18. ಹದಿನಾರರ ಹುಡುಗಿಗೆ ಒಂದು ವಿಷಯ ಬಾಕಿ ಉಳಿದ ಮಾತ್ರಕ್ಕೆ ಓದು ಮುಗಿಯಿತೆಂದು ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ.

ಆರು ವಿಷಯಗಳಲ್ಲಿ ಐದನ್ನು ಪೂರೈಸಿದ ಮಗುವಿಗೆ ಬಾಕಿಯಿರುವುದು ಒಂದೇ ವಿಷಯ. ಆ ಒಂದು ವಿಷಯಕ್ಕಾಗಿ ಶಾಲೆಯ ಬಾಗಿಲನ್ನು ಮತ್ತೊಮ್ಮೆ ತಟ್ಟುವಂತೆ ನೋಡಿಕೊಳ್ಳುವ ಹೊಣೆ ಮನೆಯದೂ ಹೌದು, ಊರಿನದೂ ಹೌದು.